ಅಜ್ಜಿಯ ನಾಟಿ ಟೊಮ್ಯಾಟೊ ಮತ್ತು 38.5 ಡಿಗ್ರಿ

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ನಮ್ಮ ನೆರಳು ನಮ್ಮ ಕಾಲ ಕೆಳಗೇ ಮಾಯವಾಗುತ್ತೆ. ಏಪ್ರಿಲ್ 24ರ ಆಸುಪಾಸು ಒಂದು ದಿನ, ಆಗಸ್ಟ್ 18ರ ಆಸುಪಾಸು ಇನ್ನೊಂದು ದಿನ. ಇದಕ್ಕೆ ಶೂನ್ಯ ನೆರಳಿನ ದಿನ ಅಂತಾರೆ. 2024ರ ಏಪ್ರಿಲ್ 24ರಂದು ಕಾಲೇಜಲ್ಲಿ ಸುಮಾರು ಜನ ಸ್ಟೀಲ್ ಲೋಟ ಬೋರಲು ಹಾಕಿ ಫೋಟೋ ತೆಗೆದು ಸ್ಟೇಟಸ್ ಹಾಕಿದ್ರು. ನಾವೂ ಹಾಕಿದ್ವಿ, ಆದ್ರೆ ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಯ ಟೆರೇಸ್ ಮೇಲೆ. 12 ಗಂಟೆ 17 ನಿಮಿಷಕ್ಕೆ ಲೋಟದ ನೆರಳು ಹೋಯ್ತು. ನಮಗೆ ಅದು ಮೋಜಿನ ವಿಷಯ ಆಗಿರ್ಲಿಲ್ಲ, ಯಾಕಂದ್ರೆ ಆ ಟೆರೇಸ್ ಮೇಲೆ 38 ಕುಂಡ ಮತ್ತು ಗ್ರೋ ಬ್ಯಾಗುಗಳಿದ್ವು. ಅವಕ್ಕೆ ನೆರಳನ್ನು ಯಾವ ಕಡೆಯಿಂದ ಕಟ್ಟಬೇಕು ಅನ್ನೋದೇ ಪ್ರಶ್ನೆ.

ಡಿಸೆಂಬರಿನಲ್ಲಿ ಇಲ್ಲಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ವಾಲಿರ್ತಾನೆ. ಆಗ ದಕ್ಷಿಣದ ಪ್ಯಾರಾಪೆಟ್ ಗೋಡೆ ಹತ್ರ ಇಟ್ಟ ಗಿಡಕ್ಕೆ ಒಳ್ಳೆ ನೆರಳು. ಏಪ್ರಿಲ್ ಕೊನೆಗೆ ಆ ಗೋಡೆಯಿಂದ ಏನೂ ಪ್ರಯೋಜನ ಇಲ್ಲ. ಮೇ ತಿಂಗಳಲ್ಲಂತೂ ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿರ್ತಾನೆ. ಹಾಗಾಗಿ ಬೇಸಿಗೆಯ ಚಪ್ಪರ ನೆತ್ತಿ ಮೇಲೆ ಅಡ್ಡಡ್ಡ ಇರಬೇಕು, ಪಶ್ಚಿಮಕ್ಕೆ ಒಂದು ಪರದೆ ಇಳಿಬಿಡಬೇಕು, ಪೂರ್ವ ಪೂರ್ತಿ ತೆರೆದಿರಬೇಕು. ಬೆಳಗಿನ ಬಿಸಿಲು ಗಿಡಕ್ಕೆ ಊಟ, ಎರಡು ಗಂಟೆಯ ಬಿಸಿಲು ಬರೇ ಏಟು. ಇದಿಷ್ಟನ್ನು ನಾವು ಲೋಟ ಬೋರಲು ಹಾಕಿ ಖಾತ್ರಿ ಮಾಡ್ಕೊಂಡ್ವಿ.

ನಾವು ಅಂದ್ರೆ ನಾಲ್ಕು ಜನ. ಚಳ್ಳಕೆರೆಯವನು ಸಿವಿಲ್, ಶಿರಸಿಯವನು ಕಂಪ್ಯೂಟರ್ ಸೈನ್ಸ್, ಕೆಜಿಎಫ್‌ನವನು ಮೆಕ್ಯಾನಿಕಲ್, ಕಲಬುರಗಿಯವನು ಎಲೆಕ್ಟ್ರಾನಿಕ್ಸ್. ಹಳೇ ಮದ್ರಾಸ್ ರೋಡಿನಿಂದ ಒಳಗೆ ಎರಡು ತಿರುವು ತಗೊಂಡ್ರೆ ಸಿಗೋ ಮನೆಯ ಮೊದಲ ಮಹಡಿ ನಮ್ಮದು. ಕೆಳಗೆ ಓನರ್ ಅಜ್ಜಿ. ಅಜ್ಜಿಯ ಯಜಮಾನರು ದೂರವಾಣಿನಗರದ ಐಟಿಐನಲ್ಲಿದ್ದವರು. ಬೆರಳು ಹಾಕಿ ತಿರುಗಿಸೋ ಕಪ್ಪು ಫೋನು ನೋಡಿದೀರಲ್ಲ, ದೇಶದ ಆ ಫೋನುಗಳನ್ನು ಮಾಡ್ತಿದ್ದ, 1948ರಲ್ಲಿ ಶುರುವಾದ ಅದೇ ಕಾರ್ಖಾನೆ. ಕ್ವಾರ್ಟರ್ಸಿನಲ್ಲಿದ್ದಾಗ ಅಜ್ಜಿಗೆ ಮನೆ ಹಿಂದೆ ನೆಲ ಇತ್ತಂತೆ. ಸ್ವಂತ ಮನೆ ಕಟ್ಟಿಸಿದ ಮೇಲೆ ನೆಲ ಹೋಗಿ ಟೆರೇಸ್ ಬಂತು. ತೋಟವೂ ಮೇಲಕ್ಕೆ ಹತ್ತಿತು.

ಆ ತೋಟದಲ್ಲಿ ಬದನೆ, ಬಸಳೆ, ಹರಿವೆ, ದಂಟು, ಕರಿಬೇವು, ಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಇತ್ತು. ಮುಖ್ಯವಾದದ್ದು ಹತ್ತು ಟೊಮ್ಯಾಟೊ ಗಿಡ. ಅಂಗಡಿಯಲ್ಲಿ ಸಿಗೋ ಗಟ್ಟಿ ಸಿಪ್ಪೆಯ, ಲಾರಿಯಲ್ಲಿ ನೂರಾರು ಮೈಲಿ ಹೋದ್ರೂ ಒಡೆಯದ ಹಣ್ಣಲ್ಲ. ಕುಂಬಳಕಾಯಿಯ ಹಾಗೆ ಗೆರೆಗೆರೆ ಇರೋ, ಮುಟ್ಟಿದ್ರೆ ರಸ ಸೋರೋ, ಹುಣಸೆಹಣ್ಣು ಹಾಕದೆ ಸಾರು ಮಾಡಬಹುದಾದಷ್ಟು ಹುಳಿ ಇರೋ ನಾಟಿ ಟೊಮ್ಯಾಟೊ. ಅಜ್ಜಿಯ ತವರು ಮಾಲೂರಿನ ಕಡೆ. ಮದುವೆಯಾಗಿ ಬಂದ ವರ್ಷ ತಂದ ಬೀಜ ಅದು, ಪ್ರತಿ ವರ್ಷ ಬೂದಿ ಬೆರೆಸಿ ಬಟ್ಟೆಯಲ್ಲಿ ಕಟ್ಟಿ ಇಡ್ತಾ ಬಂದಿದ್ದಾರೆ. ತವರಿನವರು ಹೈಬ್ರಿಡ್‌ಗೆ ಹೋಗಿ ಎಷ್ಟೋ ವರ್ಷ ಆಯ್ತು, ಅಲ್ಲಿ ಈ ಬೀಜ ಇಲ್ಲ. 2024ರ ಜನವರಿಯಲ್ಲಿ ಇದ್ದ ಬೀಜವನ್ನೆಲ್ಲ ಅಜ್ಜಿ ಬಿತ್ತಿಯಾಗಿತ್ತು. ಮಾರ್ಚಿನಲ್ಲಿ ಮಂಡಿ ಆಪರೇಷನ್ನಿಗೆ ಅಂತ ಮೈಸೂರಿನ ಮಗಳ ಮನೆಗೆ ಹೊರಟರು. ಬೀಗದ ಕೈ ಕೊಡುವಾಗ ನಮಗೆ ಹೇಳಿದ್ದು ಒಂದೇ:

“ನೋಡ್ರಪ್ಪಾ, ಮಧ್ಯಾಹ್ನ ಬಾಡಿದ್ರೆ ಗಾಬರಿ ಬೀಳ್ಬೇಡಿ. ಬೆಳಿಗ್ಗೆ ಬಾಡಿದ್ರೆ ಮಾತ್ರ ನಂಗೆ ಫೋನ್ ಮಾಡಿ.”

ಈ ಮಾತಿನ ಬೆಲೆ ನಮಗೆ ಆಮೇಲೆ ತಿಳೀತು. ಸುಡುವ ಮಧ್ಯಾಹ್ನ ಬೇರು ಎಳೆದುಕೊಡೋದಕ್ಕಿಂತ ವೇಗವಾಗಿ ಎಲೆ ನೀರನ್ನು ಕಳ್ಕೊಳ್ಳುತ್ತೆ. ಆಗ ಎಲೆ ಜೋತು ಬಿದ್ದು ಬಿಸಿಲಿಗೆ ಒಡ್ಡೋ ಮೈಯನ್ನು ಕಡಿಮೆ ಮಾಡ್ಕೊಳ್ಳುತ್ತೆ. ಸಂಜೆ ಐದೂವರೆಗೆ ಮತ್ತೆ ನೆಟ್ಟಗಾಗುತ್ತೆ. ಮಣ್ಣಿಗೆ ಬೆರಳು ಚುಚ್ಚಿದಾಗ ಎರಡನೇ ಗಂಟಿನವರೆಗೆ ತಂಪಿದ್ರೆ ಅದು ಬಾಯಾರಿಕೆ ಅಲ್ಲ. ಆ ಹೊತ್ತಲ್ಲಿ ನೀರು ಸುರಿದ್ರೆ ಅರ್ಧ ಆವಿ, ಇನ್ನರ್ಧ ಕುಂಡದ ತಳದ ತೂತಿನಿಂದ ಟೆರೇಸಿಗೆ. ಅಜ್ಜಿ ಇದನ್ನೆಲ್ಲ ಹನ್ನೊಂದು ಪದದಲ್ಲಿ ಮುಗಿಸಿದ್ರು.

ಈಗ ಆ ವರ್ಷ ಎಂಥದ್ದು ಅಂತ ನೆನಪಿಸ್ಬೇಕು. 2023ರ ಮಳೆ ಕೈಕೊಟ್ಟಿತ್ತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಲಾಗಿತ್ತು. ಫೆಬ್ರವರಿ ಕೊನೆಗೇ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳೋಕೆ ಶುರು ಮಾಡಿದ್ವು. ನಮ್ಮ ಮನೆಯದು ಶಿವರಾತ್ರಿ ಹೊತ್ತಿಗೆ ನಿಂತಿತು. ಮಾರ್ಚಿನಲ್ಲಿ ಜಿಲ್ಲಾಡಳಿತ ಖಾಸಗಿ ಟ್ಯಾಂಕರಿಗೆ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, 6,000 ಲೀಟರಿಗೆ 600. ದರ ಇತ್ತು, ಟ್ಯಾಂಕರ್ ಬರೋದು ಅದರ ಇಷ್ಟ. ಅದೇ ತಿಂಗಳು ಜಲಮಂಡಳಿ ಕುಡಿಯೋ ನೀರನ್ನು ಕಾರು ತೊಳೆಯೋಕೆ, ಕಟ್ಟಡ ಕಟ್ಟೋಕೆ, ಕೈತೋಟಕ್ಕೆ ಬಳಸಬಾರದು, ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸ್ತು.

ಆ ರಾತ್ರಿ ನಮ್ಮ ಮನೆಯಲ್ಲಿ ನಿಜವಾದ ಜಗಳ ಆಯ್ತು. ದಂಡದ ಬಗ್ಗೆ ಅಲ್ಲ. ಚಳ್ಳಕೆರೆಯವನು ತಟ್ಟೆ ಪಕ್ಕಕ್ಕಿಟ್ಟು ಹೇಳಿದ: “ನಮ್ಮೂರಾಗೆ ನಮ್ಮಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಡ ಇಟ್ಕಂಡು ನಲ್ಲಿ ಮುಂದೆ ಕೂತಿರ್ತಾಳೆ. ನಾನಿಲ್ಲಿ ಕೊತ್ತಂಬರಿಗೆ ಪೈಪ್ ಹಿಡ್ಕಂಡು ನಿಂತ್ಕಳ್ಲಾ?” ಇದಕ್ಕೆ ನಮ್ಮ ಹತ್ರ ಉತ್ತರ ಇರ್ಲಿಲ್ಲ. ಎದುರುಮನೆಯವರು ಕೆಲಸಕ್ಕೆ ರಜೆ ಹಾಕಿ ಟ್ಯಾಂಕರ್ ಕಾಯ್ತಿದ್ದಾರೆ, ನಮ್ಮ ಟೆರೇಸಿಂದ ನೀರು ಸೋರಿ ಅವರ ಗೇಟಿನ ಮುಂದೆ ಬೀಳುತ್ತೆ ಅಂದ್ರೆ ಏನರ್ಥ? ಕೆಜಿಎಫ್‌ನವನ ವಾದ ಬೇರೆ: “ಕೊತ್ತಂಬರಿ ಬಿಡು, ಪೇಟೆಯಲ್ಲಿ ಸಿಗುತ್ತೆ. ಅಜ್ಜಿಯ ಟೊಮ್ಯಾಟೊ ಬೀಜ ಯಾವ ಪೇಟೆಯಲ್ಲಿ ತರ್ತೀಯ?” ಇಬ್ಬರ ಮಾತೂ ಸರಿ ಇತ್ತು, ಅದೇ ತೊಂದರೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ. ಟ್ಯಾಂಕಿನ ನೀರು ಒಂದು ತಂಬಿಗೆಯೂ ಗಿಡಕ್ಕಿಲ್ಲ. ಒಂದು ಸಲ ಮನುಷ್ಯರಿಗೆ ಉಪಯೋಗವಾದ ನೀರು ಮಾತ್ರ ಮೇಲಕ್ಕೆ ಹೋಗಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಬಟ್ಟೆಯ ಕೊನೇ ಜಾಲಾಟದ ನೀರು, ಅದೂ ಕರಿಬೇವಿಗೆ ಮಾತ್ರ, ಸೋಪಿನ ಉಪ್ಪು ಸೊಪ್ಪಿಗೆ ಬೇಡ ಅಂತ. ಪಕ್ಕದ ಪಿಜಿಯ ಆರ್‌ಓ ಮಷೀನಿಂದ ಹೊರಬರೋ ನೀರನ್ನು ತರೋಣ ಅಂತ ಮಾತು ಬಂತು. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಬಂದಿರುತ್ತೆ ಅಂತ ಅದನ್ನು ನೆಲ ಒರೆಸೋಕೆ ಇಟ್ಕೊಂಡ್ವಿ. ಒಂದು ವಾರ ಬಕೆಟಿಟ್ಟು ಅಳೆದಾಗ ಸಿಕ್ಕಿದ್ದು ದಿನಕ್ಕೆ 22ರಿಂದ 25 ಲೀಟರ್. ಅಜ್ಜಿ ಇದ್ದಾಗ ಪೈಪಿನಲ್ಲಿ ಹೋಗ್ತಿದ್ದದ್ದು ದಿನಕ್ಕೆ ನೂರರ ಹತ್ತಿರ. ಅಂದ್ರೆ ಕಾಲು ಭಾಗ ನೀರಲ್ಲಿ ಬೇಸಿಗೆ ದಾಟಿಸ್ಬೇಕು.

ಲೆಕ್ಕ ಹಾಕಿದ್ರೆ 38 ಕುಂಡಕ್ಕೆ ಆ ನೀರು ಆಗಲ್ಲ. ಯಾವುದನ್ನು ಬಿಡೋದು ಅಂತ ಪಟ್ಟಿ ಮಾಡಿ ಅಜ್ಜಿಗೆ ಫೋನಲ್ಲಿ ಓದಿ ಹೇಳಿದ್ವಿ. ಅವರು ಒಂದು ನಿಮಿಷ ಸುಮ್ಮನಿದ್ದು, “ಚೆಂಡು ಹೂವ ಬಿಡಿ. ಕೊತ್ತಂಬರಿ, ಮೆಂತ್ಯ, ಪಾಲಕ್ ಹೆಂಗಿದ್ರೂ ಬಿಸಿಲಿಗೆ ಹೂ ಎತ್ಬಿಡ್ತವೆ, ಕಿತ್ಕಂಡು ಅಕ್ಕಪಕ್ಕದೋರಿಗೆ ಕೊಟ್ಬಿಡಿ. ಬಸಳೆ ಸಾಯಲ್ಲ. ಬದನೆ ತಡೀತದೆ” ಅಂದ್ರು. ಟೊಮ್ಯಾಟೊ ಬಗ್ಗೆ ನಾವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಹದಿನೇಳು ಕುಂಡ ಉಳೀತು.

ಮುಂದಿನ ಕೆಲಸ ಬಿಸಿಲನ್ನು ತಡೆಯೋದು. ಮೆಕ್ಯಾನಿಕಲ್ ಲ್ಯಾಬಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಎರಡು ದಿನಕ್ಕೆ ಕೇಳಿ ತಂದಿದ್ವಿ. ಮಧ್ಯಾಹ್ನ ಎರಡಕ್ಕೆ ಟೆರೇಸಿನ ಕಾಂಕ್ರೀಟು 56 ಡಿಗ್ರಿ ತೋರಿಸ್ತು. ಕಪ್ಪು ಗ್ರೋ ಬ್ಯಾಗಿನ ಪಶ್ಚಿಮದ ಮೈ 52. ನಿಜವಾದ ಕಥೆ ಬ್ಯಾಗಿನ ಒಳಗಿತ್ತು: ಬಿಸಿಲು ಬೀಳೋ ಅಂಚಿನ ಮಣ್ಣು 41, ನಡುವಿನ ಮಣ್ಣು 33. ಅಂಚಿನಲ್ಲಿ ಇರೋದೇ ಎಳೆಬೇರು. ನೆಲದ ಗಿಡಕ್ಕೆ ಬಿಸಿಲು ಮೇಲಿಂದ ಮಾತ್ರ. ಟೆರೇಸಿನ ಗಿಡಕ್ಕೆ ಮೇಲಿಂದ, ಪಕ್ಕದಿಂದ, ಕೆಳಗಿಂದ, ಮೂರು ಕಡೆಯಿಂದ ಕಾವು. ಎಲೆಗೆ ನೆರಳು ಕೊಟ್ಟು ಬ್ಯಾಗನ್ನು ಬಿಸಿಲಿಗೆ ಬಿಟ್ರೆ ತಲೆಗೆ ಟೋಪಿ ಹಾಕಿ ಬರಿಗಾಲಲ್ಲಿ ಟಾರ್ ರೋಡ್ ಮೇಲೆ ನಿಲ್ಲಿಸಿದ ಹಾಗೆ.

ಆದ್ದರಿಂದ ಮೊದಲು ಖರ್ಚಿಲ್ಲದ ಕೆಲಸ. ಮೆಟ್ಟಿಲ ಮೇಲಿನ ಕೋಣೆ ಮತ್ತು ನೀರಿನ ಟ್ಯಾಂಕು ಒಂದು ಗಂಟೆಯ ಮೇಲೆ ತಮ್ಮ ಪೂರ್ವಕ್ಕೆ ನೆರಳು ಚೆಲ್ಲುತ್ವೆ. ಟೊಮ್ಯಾಟೊ ಎಲ್ಲ ಅಲ್ಲಿಗೆ ಸರೀತು. ಇಪ್ಪತ್ತು ಲೀಟರ್ ಒದ್ದೆ ಮಣ್ಣಿನ ಬ್ಯಾಗು ಇಪ್ಪತ್ತೈದು ಕಿಲೋ ತೂಗುತ್ತೆ. ಚಳ್ಳಕೆರೆಯವನು ಸಿವಿಲ್‌ನವನಲ್ವಾ, ತೊಲೆ ಎಲ್ಲಿ ಹೋಗಿದೆ ಅಂತ ಕೆಳಗಿನ ಮನೆಯ ಸೂರು ನೋಡ್ಕೊಂಡು ಬಂದು ಸೀಮೆಸುಣ್ಣದಲ್ಲಿ ಗೆರೆ ಎಳೆದ, ಆ ಗೆರೆ ಬಿಟ್ಟು ಇಡೋ ಹಾಗಿಲ್ಲ. ಬ್ಯಾಗುಗಳ ಮೈಗೆ ಸುಣ್ಣ ಬಳಿದ್ವಿ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ವಿ, ಗಾಳಿ ಆಡಲಿ ಅಂತ. ಕುಂಡಗಳನ್ನು ಒತ್ತೊತ್ತಾಗಿ, ಒಂದರ ನೆರಳು ಇನ್ನೊಂದರ ಮೈಗೆ ಬೀಳೋ ಹಾಗೆ ಇಟ್ವಿ. ಸುಣ್ಣ ಒಣಗಿದ ಮೇಲೆ ಅಳೆದರೆ ಅಂಚಿನ ಮಣ್ಣು 41ರಿಂದ 35ಕ್ಕೆ ಇಳಿದಿತ್ತು. ಒಂದು ಕಿಲೋ ಸುಣ್ಣಕ್ಕೆ ಆರು ಡಿಗ್ರಿ, ನಮ್ಮ ನಾಲ್ಕು ವರ್ಷದ ಯಾವ ಪ್ರಾಜೆಕ್ಟಿಗೂ ಇಂಥ ರಿಸಲ್ಟ್ ಬಂದಿಲ್ಲ.

ಮುಚ್ಚಿಗೆಗೆ ಒಣಗೆಲೆ ಬೇಕು. ಮಾರ್ಚಿನಲ್ಲಿ ಇಂದಿರಾನಗರದ ಒಳರಸ್ತೆಗಳಲ್ಲಿ ಹೊಂಗೆ ಎಲೆ, ದಂಡು ಪ್ರದೇಶದ ದೊಡ್ಡ ರಸ್ತೆಗಳಲ್ಲಿ ಮಳೆಮರದ ಎಲೆ ರಾಶಿ ಬಿದ್ದಿರುತ್ತೆ. ಪೌರಕಾರ್ಮಿಕ ಅಕ್ಕ ಒಬ್ಬರು ಗುಡಿಸಿ ಗುಡ್ಡೆ ಮಾಡಿದ್ದನ್ನು ಗೋಣಿಚೀಲಕ್ಕೆ ತುಂಬ್ಕೊಳ್ಳಲಾ ಅಂತ ಕೇಳಿದ್ವಿ. “ತಗೊಂಡ್ ಹೋಗ್ರಪ್ಪಾ, ನಂಗೂ ಹೊರೋದು ತಪ್ತದೆ” ಅಂದ್ರು. ನಾಲ್ಕು ಇಂಚು ದಪ್ಪ ಹಾಸಿದ್ವಿ. ಅದು ಹಾರದ ಹಾಗೆ ಮೇಲೆ ಎಳನೀರು ಬುರುಡೆ ಸೀಳಿ ಬೋರಲು ಹಾಕಿದ್ವಿ. ಹಲಸೂರಿನ ಎಳನೀರಿನ ಗಾಡಿಯವರು ಒಂದು ಚೀಲ ಬುರುಡೆ ಪುಕ್ಕಟೆ ಕೊಟ್ರು, ಜೊತೆಗೆ ಒಂದು ಎಳನೀರು ಕುಡೀರಿ ಅಂತ ದುಡ್ಡು ಈಸ್ಕೊಂಡ್ರು.

ನೀರಿನ ವಿಷಯಕ್ಕೆ ನಮ್ಮ ಶಿರಸಿಯವನು ಎಲ್ಲೋ ಓದಿದ್ದ ಉಪಾಯ ಮಡಕೆ ನೀರಾವರಿ. ಬಣ್ಣ ಬಳಿಯದ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತು ನೀರು ತುಂಬಿ ಬಾಯಿ ಮುಚ್ಚಿಡೋದು. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆಯ ಸಣ್ಣ ರಂಧ್ರಗಳಿಂದ ನೀರು ಎಳೆದುಕೊಳ್ಳುತ್ತೆ, ಒದ್ದೆ ಇದ್ರೆ ನಿಲ್ಲುತ್ತೆ. ಸೆನ್ಸರ್ ಇಲ್ಲ, ವಾಲ್ವ್ ಇಲ್ಲ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಫಾನ್ ಶೆಂಗ್‌ಜಿ ಅನ್ನೋನು ಬರೆದ ಕೃಷಿ ಪುಸ್ತಕದಲ್ಲೇ ಇದು ಇದೆ. ಕುಡಿಕೆಗೆ ಎಲ್ಲಿಗೆ ಹೋಗೋದು? ದಂಡು ರೈಲ್ವೆ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಪಾಟರಿ ಟೌನ್ ಅಂತ ಕುಂಬಾರರ ಬೀದಿ ಇದೆ, ನಮ್ಮಲ್ಲಿ ಎಷ್ಟು ಜನ ನೋಡಿದೀರೋ. ಗಣೇಶ ಚತುರ್ಥಿಗೆ ಮೂರ್ತಿ, ದೀಪಾವಳಿಗೆ ಹಣತೆ ಅಲ್ಲಿಂದ ಬರುತ್ತೆ. ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿ ನೀರಿನ ಹೂಜಿಗಳ ಸಾಲು. ಒಂದು ಲೀಟರಿನ ಹನ್ನೆರಡು ಕುಡಿಕೆ ಕೇಳಿದ್ವಿ. ಗಿಡದ ಬುಡಕ್ಕೆ ಹೂಳೋಕೆ ಅಂದಾಗ ಅಲ್ಲಿನ ಹಿರಿಯರು ನಕ್ಕು, ಚೆನ್ನಾಗಿ ಬೆಂದದ್ದು ಬೇಡ ನಿಮಗೆ ಅಂತ ತಾವೇ ಬೆರಳಿಂದ ಒಂದೊಂದನ್ನೂ ತಟ್ಟಿ, ಸದ್ದು ಮಂದವಾಗಿದ್ದ ಕುಡಿಕೆಗಳನ್ನು ಆರಿಸಿ ಕೊಟ್ರು. ಕಡಿಮೆ ಬೆಂದದ್ದು ಹೆಚ್ಚು ಒಸರುತ್ತೆ. ಯಾರೂ ಕೊಳ್ಳದ ಮಾಲು ನಿಮ್ಮಿಂದ ಖರ್ಚಾಯ್ತು ಅಂತ ಅವರಿಗೂ ಖುಷಿ.

ಹಾಗೇ ಅಲ್ಲಿಂದ ಬಂಬೂ ಬಜಾರಿಗೆ ಹೋಗಿ ಆರು ಬಿದಿರಿನ ಗಳ ತಗೊಂಡು ಗೂಡ್ಸ್ ಆಟೋಗೆ ಹಾಕಿ ಇಬ್ಬರು ಹೋದ್ರು. ಕುಡಿಕೆ ಒಡೀಬಾರದು ಅಂತ ಇನ್ನಿಬ್ಬರು ಬ್ಯಾಗಿಗೆ ತುಂಬಿ ಮೆಟ್ರೋದಲ್ಲಿ ಬಂದ್ರು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಕೊಂಡಿ ತೆರೆದ ಮೇಲೆ ಎಂ.ಜಿ. ರೋಡಿಂದ ಮನೆಗೆ ಒಂದೇ ರೈಲು. ಸ್ಕ್ಯಾನರಿನಲ್ಲಿ ಹನ್ನೆರಡು ದುಂಡನೆಯ ವಸ್ತು ಕಂಡು ಸೆಕ್ಯೂರಿಟಿಯವರು ಬ್ಯಾಗ್ ಬಿಚ್ಚಿಸಿದ್ರು. “ಏನ್ ಸಾರ್ ಇದು, ತಿಥಿಯಾ?” ಅಂತ ಅವರು ಕೇಳಿದ್ದನ್ನು ಅಜ್ಜಿಗೆ ನಾವು ಹೇಳ್ಲಿಲ್ಲ.

ದಂಡು ಪ್ರದೇಶದಲ್ಲಿ ಓಡಾಡಿದ್ರೆ ಇನ್ನೊಂದು ಕಣ್ಣಿಗೆ ಬೀಳುತ್ತೆ. ಉಳಿದಿರೋ ಒಂದೆರಡು ಹಳೇ ಬಂಗಲೆಗಳಲ್ಲಿ ಕಿಟಕಿ ಮೇಲೆ ಚೂಪಾದ ಮರದ ಗೂಡಿನಂಥ ಮುಸುಕು ಇರುತ್ತೆ, ಮಂಕಿ ಟಾಪ್ ಅಂತಾರೆ. ಮುಂದಿನ ಪೋರ್ಟಿಕೋಗೆ ಮರದ ಜಾಲರಿ, ಜಾಲರಿ ಮೇಲೆ ಬಳ್ಳಿ. 1809ರಲ್ಲಿ ಹಲಸೂರಿನ ಸುತ್ತ ದಂಡು ಬಂದಮೇಲೆ ಇಲ್ಲಿಗೆ ಬಂದವರಿಗೆ ಬಿಸಿಲು ದೊಡ್ಡ ಭಯ. ಅವರು ಬಿಸಿಲನ್ನು ಪೂರ್ತಿ ತಡೀಲಿಲ್ಲ, ಸೋಸಿದ್ರು. ನಮ್ಮ ಹಸಿರು ನೆರಳು ಬಲೆಯ ತತ್ವವೂ ಅದೇ. ಈಗ ಹಳೇ ಮದ್ರಾಸ್ ರೋಡಿನ ಉದ್ದಕ್ಕೂ ಏಳ್ತಿರೋ ಕಟ್ಟಡಗಳು ಬಿಸಿಲನ್ನು ಸೋಸೋದೂ ಇಲ್ಲ, ತಡೆಯೋದೂ ಇಲ್ಲ, ಪಕ್ಕದ ಮನೆಗೆ ವರ್ಗಾಯಿಸ್ತವೆ. ಉತ್ಪ್ರೇಕ್ಷೆ ಅಲ್ಲ. ಟೊಮ್ಯಾಟೊವನ್ನು ಟ್ಯಾಂಕಿನ ನೆರಳಿಗೆ ಸರಿಸಿದ ಮೇಲೂ ಮೂರು ಗಿಡಗಳ ಪೂರ್ವದ ಎಲೆಗಳು ಕಾಗದದ ಹಾಗೆ ಬಿಳಿಚಿಕೊಳ್ತಿದ್ವು. ಮಧ್ಯಾಹ್ನ ನಾಲ್ಕಕ್ಕೆ ಪೂರ್ವದಿಂದ ಬಿಸಿಲು ಹೇಗೆ? ನಿಂತು ನೋಡಿದಾಗ ಗೊತ್ತಾಯ್ತು: ನಮ್ಮ ಪೂರ್ವದಲ್ಲಿರೋ ಗಾಜಿನ ಕಟ್ಟಡದ ಪಶ್ಚಿಮದ ಮೈಗೆ ಬಿದ್ದ ಸೂರ್ಯ ಅಲ್ಲಿಂದ ಪ್ರತಿಫಲಿಸಿ ಸೀದಾ ನಮ್ಮ ಟೆರೇಸಿಗೆ ಇಳೀತಿದ್ದ. ಎರಡನೇ ಸೂರ್ಯ. ಅದಕ್ಕೆ ಇನ್ನೊಂದು ಪರದೆ ಬೇಕಾಯ್ತು.

ಬಲೆ ತಂದದ್ದು ಒಂದೇ ತುಂಡು, ಅರ್ಧ ಬಿಸಿಲು ತಡೆಯೋ 50 ಶೇಕಡಾದ್ದು. 75ರದ್ದೂ ಸಿಗುತ್ತೆ, ಅದು ಅಲಂಕಾರದ ಎಲೆಗಿಡಗಳಿಗೆ ಸರಿ; ಹೂ ಬಿಟ್ಟು ಕಾಯಿ ಕಟ್ಟೋ ತರಕಾರಿ ಅದರಡಿ ಸೊರಗಿ ಉದ್ದಕ್ಕೆ ಬೆಳೆಯುತ್ತೆ ಅಷ್ಟೇ. ಗಿಡದ ತುದಿಯಿಂದ ಎರಡಡಿ ಮೇಲೆ ಕಟ್ಟಬೇಕು, ಇಲ್ಲದಿದ್ರೆ ಬಿಸಿಗಾಳಿ ಬಲೆಯ ಕೆಳಗೇ ನಿಂತುಬಿಡುತ್ತೆ. ನಮ್ಮ ಒಂದೇ ತುಂಡು ನೆತ್ತಿಗೆ ಆಯ್ತು, ಎರಡು ಪಕ್ಕದ ಪರದೆಗೆ ಉಳೀಲಿಲ್ಲ. ಅಜ್ಜಿಗೆ ಹೇಳಿದ್ವಿ.

“ನನ್ನ ಟ್ರಂಕಿನಲ್ಲಿ ಹಳೇ ಕಾಟನ್ ಸೀರೆ ಅವೆ. ತಗೊಂಡು ಕಟ್ಟಿ.”

“ಬಿಸಿಲಿಗೆ ಹಾಳಾಗ್ತವೆ ಅಜ್ಜಿ.”

“ಇನ್ನೇನು ನಾನು ಉಟ್ಕಂಡು ಐಟಿಐ ಸ್ಪೋರ್ಟ್ಸ್ ಡೇಗೆ ಹೋಗ್ಬೇಕಾ? ಕಟ್ಟಿ ಅಂದೆ.”

ನೀಲಿ ಚೌಕಳಿಯದು ಒಂದು, ಅರಿಶಿನ ಬಣ್ಣದ್ದು ಒಂದು. ಫೋನಿನ ಲಕ್ಸ್ ಮೀಟರ್ ಆಪ್‌ನಲ್ಲಿ ಬಲೆಗೂ ಸೀರೆಗೂ ಹೋಲಿಸಿ ನೋಡಿದ್ವಿ. ಅರಿಶಿನ ಬಣ್ಣದ ಸೀರೆ ಒಂದೇ ಪದರದಲ್ಲಿ ಹೆಚ್ಚುಕಡಿಮೆ ಬಲೆಯಷ್ಟೇ ಬೆಳಕು ಬಿಡ್ತಿತ್ತು. ನೀಲಿಯದು ಸ್ವಲ್ಪ ಕಮ್ಮಿ. ಸಂಜೆ ಬಟ್ಟೆ ಜಾಲಾಡಿದ ನೀರು ಮಿಕ್ಕಿದ್ರೆ ಪಶ್ಚಿಮದ ಸೀರೆಯ ಮೇಲೆ ಚಿಮುಕಿಸ್ತಿದ್ವಿ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2.4 ಮೆಗಾಜೌಲ್ ಶಾಖ ಬೇಕು, ಅಂದ್ರೆ ಒಂದು ಚದರ ಮೀಟರಿಗೆ ಬೀಳೋ ಉರಿಬಿಸಿಲನ್ನು ನಲವತ್ತು ನಿಮಿಷ ನುಂಗುವಷ್ಟು. ಥರ್ಮೋಡೈನಮಿಕ್ಸ್ ಇಂಟರ್ನಲ್ಸಿನಲ್ಲಿ ಈ ಸಂಖ್ಯೆ ಬರೆದಾಗ ಅದು ಒಂದು ಒದ್ದೆ ಸೀರೆ ಅಂತ ನಮಗೆ ಅನ್ನಿಸಿರ್ಲಿಲ್ಲ.

ಇಷ್ಟರಲ್ಲಿ ಏಪ್ರಿಲ್ ಬಂತು, ಮಳೆ ಬರಲಿಲ್ಲ. ಇಡೀ ತಿಂಗಳು ನಗರದ ಹವಾಮಾನ ವೀಕ್ಷಣಾಲಯದಲ್ಲಿ ಮಳೆಯೇ ದಾಖಲಾಗಲಿಲ್ಲ. ಏಪ್ರಿಲ್ 26ಕ್ಕೆ ಲೋಕಸಭೆ ಚುನಾವಣೆ ಮತದಾನ. ಸಾಲಿನಲ್ಲಿ ನಿಂತವರು ಅಭ್ಯರ್ಥಿಗಳಿಗಿಂತ ಹೆಚ್ಚಾಗಿ ಮೋಡದ ಬಗ್ಗೆ ಮಾತಾಡ್ತಿದ್ರು. 28ರ ಭಾನುವಾರ 38.5 ಡಿಗ್ರಿ. 2016ರ ಏಪ್ರಿಲ್ 25ರ 39.2 ಬಿಟ್ರೆ ಇಷ್ಟು ಬಿಸಿಲನ್ನು ಈಚಿನ ದಶಕಗಳಲ್ಲಿ ಈ ಊರು ಕಂಡಿರ್ಲಿಲ್ಲ. ಕಲಬುರಗಿಯವನು ಮಾತ್ರ ಬನಿಯನ್ನಿನಲ್ಲಿ ಕೂತು, “ಇದಕ್ಕ ಬಿಸಿಲಂತೀರೇನ್ರಲೇ? ನಮ್ಮ ಕಡಿ ಬರ್ರಿ, ತೋರಸ್ತೀನಿ” ಅಂತ ಚಹಾ ಕುಡೀತಿದ್ದ. ಆದ್ರೆ ಬೆಳಿಗ್ಗೆ ಆರಕ್ಕೆ ಎದ್ದು ಕುಡಿಕೆ ತುಂಬಿಸೋ ಪಾಳಿಯನ್ನು ಒಂದು ದಿನವೂ ತಪ್ಪಿಸದವನು ಅವನೊಬ್ಬನೇ.

ಗಿಡಗಳು ಬದುಕಿದ್ವು. ಬಸಳೆ ನಮ್ಮ ಕಷ್ಟವನ್ನೇ ಅಣಕಿಸೋ ಹಾಗೆ ಬಿದಿರನ್ನು ಹತ್ತಿ ತಾನೇ ಪಶ್ಚಿಮದ ಪರದೆ ಆಯ್ತು. ಬದನೆ ವಾರಕ್ಕೊಮ್ಮೆ ಎಣ್ಣೆಗಾಯಿಗೆ ಆಗುವಷ್ಟು ಕೊಡ್ತಿತ್ತು. ಮೆಣಸಿನ ಗಿಡಕ್ಕೆ ಮುರುಟು ಬಂದು ಎರಡು ಹೋದ್ವು. ಟೊಮ್ಯಾಟೊ ಹಸಿರಾಗಿ ನಿಂತಿತ್ತು, ಹೂ ಬಿಡ್ತಿತ್ತು. ಮೂರನೇ ದಿನಕ್ಕೆ ಹೂವಿನ ತೊಟ್ಟು ಹಳದಿಯಾಗಿ ಉದುರ್ತಿತ್ತು. ದಿನಾ ಬೆಳಿಗ್ಗೆ ಒಣಗೆಲೆ ಮೇಲೆ ಆ ಸಣ್ಣ ಹಳದಿ ಹೂಗಳು ಬಿದ್ದಿರೋದನ್ನು ನೋಡಿದ್ರೆ ಹೊಟ್ಟೆ ಚುರ್ ಅನ್ನೋದು. ಹಗಲು 35 ದಾಟಿ, ರಾತ್ರಿಯೂ 22–23ರ ಕೆಳಗೆ ಇಳಿಯದಿದ್ರೆ ಟೊಮ್ಯಾಟೊದ ಪರಾಗ ಸತ್ವ ಕಳ್ಕೊಳ್ಳುತ್ತೆ, ಕಾಯಿ ಕಟ್ಟಲ್ಲ. ನೆರಳು ಬಲೆ ಎಲೆಯನ್ನು ಉಳಿಸಬಹುದು, ಸುಣ್ಣ ಬೇರನ್ನು ಉಳಿಸಬಹುದು. ರಾತ್ರಿಯ ಗಾಳಿಯನ್ನು ತಣ್ಣಗೆ ಮಾಡೋ ಉಪಾಯ ನಮ್ಮ ಹತ್ರ ಇರ್ಲಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹನ್ನೊಂದಕ್ಕೂ ಅಂಗಾಲಿಗೆ ಬಿಸಿ ತಾಗ್ತಿತ್ತು. ಅಜ್ಜಿ ಪ್ರತಿ ಭಾನುವಾರ ಫೋನ್ ಮಾಡಿ ಬದನೆ ಕೇಳೋರು, ಬಸಳೆ ಕೇಳೋರು, ಕೊನೆಗೆ “ಅದು?” ಅನ್ನೋರು. “ಹೂ ಬಿಟ್ಟಿದೆ ಅಜ್ಜಿ” ಅಂತಿದ್ವಿ. ಅದು ಸುಳ್ಳೇನಲ್ಲ.

ಮೇ ಮೊದಲ ವಾರ ಮಳೆ ಬಂತು. ಮೊದಲ ಹನಿಗಳು ಟೆರೇಸಿಗೆ ಬಿದ್ದ ಕೂಡಲೇ ಆರಿಹೋಗ್ತಿದ್ವು. ಮಳೆಗಿಂತ ಮೊದಲು ಬರೋದು ಗಾಳಿ, ಮತ್ತು ಟೆರೇಸಿನ ಮೇಲೆ ಕಟ್ಟಿದ ಬಲೆ ಅಂದ್ರೆ ಹಡಗಿನ ಹಾಯಿ. ಹಾಗಾಗಿ ಬಲೆಯ ಎರಡು ಬದಿಗೆ ಜಾರುಗಂಟು ಹಾಕಿದ್ವಿ, ಮೋಡ ಕಟ್ಟಿದ ತಕ್ಷಣ ಎಳೆದ್ರೆ ಬಲೆ ಮಡಚಿ ಬೀಳೋ ಹಾಗೆ. ಒಂದು ವಾರ ರಾತ್ರಿಗಳು ತಂಪಾದ್ವು. ಮೇ ಎರಡನೇ ವಾರ ಕೆಜಿಎಫ್‌ನವನು ಟೆರೇಸಿಂದಲೇ ಕೂಗಿದ. ಟ್ಯಾಂಕಿಗೆ ಅಂಟಿಕೊಂಡಿದ್ದ ಗಿಡದಲ್ಲಿ, ಅರಿಶಿನ ಸೀರೆಯ ಹಿಂದೆ, ಕಡಲೆಕಾಳಿನಷ್ಟು ಹಸಿರು. ಎಣಿಸಿದ್ರೆ ಎರಡು ಗಿಡದಲ್ಲಿ ಸೇರಿ ಏಳು ಕಾಯಿ. ಉಳಿದ ಎಂಟು ಗಿಡದಲ್ಲಿ ಒಂದೂ ಇಲ್ಲ.

ಅಜ್ಜಿ ಮೇ ಕೊನೆಗೆ ವಾಕರ್ ಹಿಡಿದು ಬಂದ್ರು. ಟೆರೇಸ್ ಹತ್ತೋ ಹಾಗಿರ್ಲಿಲ್ಲ. ವಿಡಿಯೋ ಕಾಲ್ ಮಾಡಿ ಒಂದೊಂದು ಕಾಯಿ ತೋರಿಸಿದ್ವಿ. “ಹತ್ರ ತೋರ್ಸು... ಆ ಗೆರೆ ಕಾಣ್ತದಾ ನೋಡು” ಅಂತ ಕನ್ನಡಕ ಸರಿಮಾಡ್ಕೊಂಡು ನೋಡಿದ್ರು. ಜೂನ್ 2ರ ರಾತ್ರಿ ಒಂದೇ ದಿನಕ್ಕೆ 111 ಮಿಲಿಮೀಟರ್ ಮಳೆ ಸುರೀತು, ಊರ ತುಂಬ ಮರ ಉರುಳಿದ್ವು. ನಾವು ಆ ಎರಡು ಬ್ಯಾಗನ್ನು ಮೆಟ್ಟಿಲ ಕೋಣೆಯೊಳಗೆ ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ವಿ. ಮಾರನೇ ದಿನ ಸೆಮಿನಾರ್ ಇತ್ತು, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ.

ಏಳರಲ್ಲಿ ಎರಡು ಕಾಯಿ ತಳದಿಂದ ಕಪ್ಪಾಗಿ ಕೊಳೆತವು, ನೀರು ಒಮ್ಮೆ ಕಮ್ಮಿ ಒಮ್ಮೆ ಜಾಸ್ತಿಯಾದ್ರೆ ಹೀಗಾಗುತ್ತೆ. ಐದು ಹಣ್ಣಾದ್ವು. ಚೆನ್ನಾಗಿದ್ದ ಎರಡನ್ನು ಅಜ್ಜಿ ಬೀಜಕ್ಕೆ ಇಟ್ಕೊಂಡು, ತಿರುಳನ್ನು ಲೋಟದಲ್ಲಿ ಎರಡು ದಿನ ಹುಳಿ ಬರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಬೂದಿ ಹಚ್ಚಿದ್ರು. ಮಿಕ್ಕ ಮೂರರಲ್ಲಿ ಸಾರು ಮಾಡಿ ಕೊಟ್ರು, ನಾಲ್ವರಿಗೆ ಮೂರು ಹಣ್ಣಿನ ಸಾರು. ಬೀಜ ಇನ್ನೂರರ ಹತ್ತಿರ ಬಂತು. ಅಜ್ಜಿ ಈ ಸಲ ಎಲ್ಲವನ್ನೂ ಒಂದೇ ಗಂಟಲ್ಲಿ ಇಡಲಿಲ್ಲ. ನಮ್ಮ ನಾಲ್ವರಿಗೂ ಒಂದೊಂದು ಪೊಟ್ಟಣ ಕಟ್ಟಿ ಊರಿಗೆ ಕಳಿಸಿದ್ರು. ಚಳ್ಳಕೆರೆಯವನ ಅಮ್ಮ ಪಾತ್ರೆ ತೊಳೆಯೋ ಕಲ್ಲಿನ ಪಕ್ಕ ಹಾಕಿದ ಗಿಡ ದಸರಾ ಹೊತ್ತಿಗೆ ಬುಟ್ಟಿ ತುಂಬ ಕೊಟ್ಟಿದೆ. ಶಿರಸಿಯದು ಮಳೆಗೆ ಕೊಳೆತುಹೋಯ್ತು.

2025ರ ಫೆಬ್ರವರಿಯಲ್ಲಿ ಕೈತೋಟಕ್ಕೆ ಕುಡಿಯೋ ನೀರು ಬಳಸಬಾರದು ಅನ್ನೋ ಆದೇಶ ಮತ್ತೆ ಬಂತು. ಕುಡಿಕೆಗಳು ಹೂತ ಜಾಗದಲ್ಲೇ ಇವೆ, ಸುಣ್ಣ ಮತ್ತೆ ಬಳಿದಿದ್ದೀವಿ, ನೀಲಿ ಸೀರೆ ಹರಿದಿದೆ, ಅರಿಶಿನದ್ದು ಇನ್ನೂ ಒಂದು ಬೇಸಿಗೆ ಬರುತ್ತೆ. ನಮ್ಮ ಸಂಘದ ಕೊಠಡಿಯ ಬೀರುವಿನಲ್ಲಿ, ಹಳೇ ಸಂಚಿಕೆಗಳ ಪಕ್ಕ, ಒಂದು ಬಾಟಲಿಯಲ್ಲಿ ಇಪ್ಪತ್ತು ಪೊಟ್ಟಣ ಬೀಜ ಇಟ್ಟಿದ್ದೀವಿ. ಪೊಟ್ಟಣಕ್ಕೆ ಎಂಟು ಬೀಜ. ಬೇಕಾದವರು ರಿಜಿಸ್ಟರಿನಲ್ಲಿ ಹೆಸರು, ಸೆಮಿಸ್ಟರ್ ಬರೆದು ತಗೊಳ್ಳಿ. ಬಿಸಿಲಲ್ಲಿ ಬಿತ್ತಬೇಡಿ, ಜೂನ್ ಮಳೆ ಹಿಡಿಯಲಿ. ತಗೊಂಡವರು ಮುಂದಿನ ವರ್ಷ ಎರಡು ಪೊಟ್ಟಣ ವಾಪಸ್ ಕೊಡಬೇಕು, ಇದು ಅಜ್ಜಿಯ ಕಂಡೀಷನ್ನು.